ಕೇಳಿದ್ದು ಎರಡು ಹೊಂಗೆ

ಜೂನ್ ೧೪

ಬೀಗಿತ್ತಿಯವರಿಗೆ,

ನೀವು ಲಾರಿಯಲ್ಲಿ ಕಳಿಸಿದ ಗಿಡಗಳು ನಿನ್ನೆ ಮಧ್ಯಾಹ್ನ ತಲುಪಿದವು. ನಾನು ಕೇಳಿದ್ದು ಎರಡು ಹೊಂಗೆ. ಬಂದದ್ದು ಒಂದು ಹೊಂಗೆ, ಇನ್ನೊಂದು ಹುಣಸೆಗೆ ದೂರದ ದಾಯಾದಿಯಂತೆ ಕಾಣುವ ಯಾವುದೋ ಪರದೇಶಿ. ಚೀಟಿಯಲ್ಲಿ ಮಳೆಮರ ಎಂದು ಬರೆದಿದ್ದೀರಿ. ನಿಮ್ಮ ನರ್ಸರಿಯಲ್ಲಿ ಹೊಂಗೆಗೆ ಬರಗಾಲವಿಲ್ಲವೆಂದು ನನಗೆ ಗೊತ್ತು. ಊದುವುದನ್ನು ಕೇಳಿದರೆ ಬಾರಿಸುವುದನ್ನು ಕೊಟ್ಟ ಹಾಗಾಯಿತು.

ನಮ್ಮ ಹಗ್ಗದ ಅಂಗಳ ನೀವು ನೋಡಿದಾಗ ಇದ್ದಂತೆ ಈಗಿಲ್ಲ. ರಸ್ತೆ ಅಗಲ ಮಾಡುವವರು ಬಂದು ಕಾಂಪೌಂಡಿನ ಆಚೆಗಿದ್ದ ಹಳೆಯ ಮರಗಳ ಸಾಲನ್ನು ಒಂದೇ ವಾರದಲ್ಲಿ ಮಲಗಿಸಿದರು. ಆ ಮರಗಳು ನಮ್ಮವಲ್ಲ, ನೆರಳು ಮಾತ್ರ ನಮ್ಮದಾಗಿತ್ತು. ಈಗ ತೊಂಬತ್ತು ಹೆಜ್ಜೆ ಉದ್ದದ ಅಂಗಳದಲ್ಲಿ ಒಂದು ಬೆಕ್ಕು ಮಲಗುವಷ್ಟೂ ನೆರಳಿಲ್ಲ. ಹಗ್ಗದ ಕೆಲಸ ಹೇಗೆಂದು ನಿಮಗೆ ಗೊತ್ತು. ಸೊಂಟಕ್ಕೆ ನಾರಿನ ಕಟ್ಟು ಕಟ್ಟಿಕೊಂಡು, ಎಳೆಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ನಾರು ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ರಾಟೆ ಮೂಡಣಕ್ಕಿದೆ. ಹಾಗಾಗಿ ಮಧ್ಯಾಹ್ನದ ನಂತರದ ಬಿಸಿಲೆಲ್ಲ ನಡೆಯುವವರ ಬೆನ್ನಿಗೇ. ಹೋದ ತಿಂಗಳು ನಮ್ಮ ಗಡಿಯಾರ ರಾಟೆಯ ಪಕ್ಕದಲ್ಲೇ ತಲೆ ಸುತ್ತಿ ಬಿದ್ದಳು. ಮೂವತ್ತು ವರ್ಷದಲ್ಲಿ ಒಂದು ದಿನವೂ ಐದು ನಿಮಿಷ ತಡವಾಗಿ ಬಾರದ ಹೆಂಗಸು ಅವಳು, ಅದಕ್ಕೇ ಆ ಹೆಸರು. ಎದ್ದವಳು ಮೊದಲು ಕೇಳಿದ್ದು ಗಂಟೆ ಎಷ್ಟಾಯಿತೆಂದು.

ನಿಮ್ಮ ಮಗಳು ಚೆನ್ನಾಗಿದ್ದಾಳೆ. ಅಂಗಳವನ್ನು ಅವಳೇ ನೋಡಿಕೊಳ್ಳುತ್ತಾಳೆ. ನಾನು ಎರಡು ವರ್ಷದಿಂದ ನಾರಿನ ಕೋಣೆಯ ಕಿಟಕಿಯಲ್ಲಿ ಕೂತು ನೋಡುತ್ತೇನೆ, ಅಷ್ಟೆ. ಅವಳ ಕತ್ತಿನ ಹಿಂಭಾಗ ಕರಿಕಲಾಗಿದೆ. ಅವಳು ಹೇಳಿಕೊಳ್ಳುವವಳಲ್ಲ.

ಹೊಂಗೆಗೆ ಗುಂಡಿ ತೋಡಿಸಿದ್ದೇನೆ. ಪರದೇಶಿಯನ್ನು ಏನು ಮಾಡಲಿ, ತಿಳಿಸಿ. ವಾಪಸ್ ಕಳಿಸುವುದಾದರೆ ಲಾರಿ ಮಂಗಳವಾರಗಳಂದು ಬರುತ್ತದೆ.

ನಿಮ್ಮ ಮಗಳ ಅತ್ತೆ


ಜೂನ್ ೨೫

ಬೀಗಿತ್ತಿಯವರೇ,

ನಿಮ್ಮ ಪತ್ರ ಓದುವಾಗ ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಯಿತು. ನೀವು ಹೈಸ್ಕೂಲು ಮುಗಿಸಿದವರು, ನಾನು ನಾಲ್ಕನೇ ತರಗತಿಗೇ ಗಿಡದ ಬುಡಕ್ಕೆ ಬಂದವಳು. ಗಿಡದ ಮಾತನ್ನಾದರೂ ನನ್ನ ಬಾಯಿಂದ ಕೇಳಿ.

ಹೊಂಗೆ ಸಂಸಾರಸ್ಥ ಮರ. ಬೇರು ನೆಟ್ಟಗೆ ಕೆಳಗಿಳಿಯುತ್ತದೆ, ಗೋಡೆಯ ಗೊಡವೆಗೆ ಹೋಗುವುದಿಲ್ಲ. ಎರಡು ಬೇಸಿಗೆ ನೀರು ಕೊಟ್ಟರೆ ಆಮೇಲೆ ನಿಮ್ಮನ್ನು ಏನೂ ಕೇಳುವುದಿಲ್ಲ. ನೆರಳು ದಟ್ಟ, ಒದ್ದೆ ಬಟ್ಟೆ ಹೊದ್ದಷ್ಟು ತಂಪು. ಆದರೆ ಅದಕ್ಕೆ ಅವಸರವಿಲ್ಲ. ಅದರ ಕೆಳಗೆ ನಾಲ್ಕು ಜನ ಕೂರಬೇಕಾದರೆ ಆರೇಳು ವರ್ಷ ಬೇಕು. ಮಳೆಮರ ಹಾಗಲ್ಲ. ಮೂರು ವರ್ಷಕ್ಕೆ ಕೊಡೆ ಬಿಚ್ಚುತ್ತದೆ. ದೊಡ್ಡದಾದ ಮೇಲೆ ಒಂದು ಮನೆಯನ್ನೇ ಮುಚ್ಚುತ್ತದೆ. ನೆರಳು ಸ್ವಲ್ಪ ತೆಳು, ಕೊಂಬೆ ಸ್ವಲ್ಪ ಪೆಳಸು, ಬೇಗ ಮುರಿಯುತ್ತದೆ. ಗೋಡೆಯಿಂದ ಇಪ್ಪತ್ತು ಹೆಜ್ಜೆಯಾದರೂ ದೂರವಿರಲಿ. ಹೊಂಗೆಯನ್ನು ಮನೆಯ ಕಡೆ, ರಾಟೆಯ ಹತ್ತಿರ ನೆಡಿ. ಮಳೆಮರವನ್ನು ಪಡುವಣದ ತುದಿಯಲ್ಲಿ ನೆಡಿ. ಅದನ್ನು ಕಳಿಸಿದ್ದು ನನ್ನ ಮಗಳ ಬೆನ್ನಿಗಾಗಿ.

ಇನ್ನೊಂದು ಮಾತು. ನಿಮ್ಮ ಮಗ ತೀರಿಹೋಗಿ ಎರಡು ವರ್ಷವಾಯಿತು. ನನ್ನ ಮಗಳಿಗೆ ಮೂವತ್ತೊಂದು. ಮುಂದಿನ ಬೇಸಿಗೆ ಕಳೆಯುತ್ತಲೇ ಬಂದು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅವಳಿಗೆ ಬರೆದರೆ ಅತ್ತೆಯನ್ನು ಕೇಳು ಎನ್ನುತ್ತಾಳೆ. ಕೇಳುತ್ತಿದ್ದೇನೆ.

ನಿಮ್ಮ ಸೊಸೆಯನ್ನು ಹೆತ್ತವಳು


ಅಕ್ಟೋಬರ್ ೩

ಬೀಗಿತ್ತಿಯವರಿಗೆ,

ಉತ್ತರ ತಡವಾಯಿತು. ಕೆಲಸವಿತ್ತು.

ಎರಡೂ ಗಿಡಗಳನ್ನು ನೀವು ಹೇಳಿದ ಕಡೆಯೇ ನೆಡಿಸಿದ್ದೇನೆ. ಕರೆದುಕೊಂಡು ಹೋಗುವ ಮಾತಿಗೆ ನನ್ನನ್ನೇಕೆ ಕೇಳುತ್ತೀರಿ? ಹಗ್ಗ ಹೊಸೆಯುವವರ ಮನೆಯಾದರೂ ಅವಳನ್ನು ಯಾರೂ ಕಟ್ಟಿಹಾಕಿಲ್ಲ. ಬನ್ನಿ, ಕರೆದುಕೊಂಡು ಹೋಗಿ. ಒಂದು ಮಾತ್ರ ನನಗೆ ಅರ್ಥವಾಗಲಿಲ್ಲ. ವರ್ಷದೊಳಗೆ ಮಗಳನ್ನು ಕರೆದೊಯ್ಯುವವರು ಅವಳ ಬೆನ್ನಿಗೆಂದು ಮೂರು ವರ್ಷಕ್ಕೆ ನೆರಳು ಕೊಡುವ ಗಿಡ ಕಳಿಸುತ್ತಾರೆಯೇ? ನಿಮ್ಮ ಮನಸ್ಸು ನಿಮಗೇ ಗೊತ್ತಿದ್ದಂತಿಲ್ಲ.

ಈಗ ಗಿಡದ ಸಮಾಚಾರ. ಹೊಂಗೆ ಒಳ್ಳೆಯ ಮನೆತನದ್ದು, ತಂಟೆಯಿಲ್ಲ. ನಿಮ್ಮ ಮಳೆಮರ ನಾನಿಲ್ಲದಿದ್ದರೆ ಇಷ್ಟು ಹೊತ್ತಿಗೆ ನೂರು ಸಲ ಸತ್ತಿರುತ್ತಿತ್ತು. ನೆಟ್ಟ ನಾಲ್ಕನೇ ದಿನ ಹೆಂಗಸರೆಲ್ಲ ಮನೆಗೆ ಹೋದ ಮೇಲೆ ಕಿಟಕಿಯಿಂದ ನೋಡಿದೆ. ಎಲೆಯೆಲ್ಲ ಜೋಡಿ ಜೋಡಿಯಾಗಿ ಮಡಚಿಕೊಂಡು, ಕೊರಳು ಬಿದ್ದ ಕೋಳಿಯ ಹಾಗೆ ಜೋತಿತ್ತು. ಬೀಗರ ಗಿಡ, ನಮ್ಮ ಮನೆಗೆ ಬಂದು ಸತ್ತಿತು ಅನ್ನಿಸಿಕೊಳ್ಳಬೇಕೇ? ಎದ್ದು ಹೋದೆ. ಎರಡು ಕೊಡ ನೀರು ಹಾಕಿದೆ. ಬೆಳಿಗ್ಗೆ ನೋಡಿದರೆ ಒಂದೊಂದು ಎಲೆಯೂ ಅಂಗೈ ಬಿಚ್ಚಿದ ಹಾಗೆ ತೆರೆದಿದೆ. ಮತ್ತೆ ಸಂಜೆ ಅದೇ ಅವಸ್ಥೆ. ಮತ್ತೆ ಎರಡು ಕೊಡ. ಅಂದಿನಿಂದ ಒಂದು ಸಂಜೆಯೂ ತಪ್ಪಿಸಿಲ್ಲ.

ಮಳೆ ಜೋರಾದ ಮೇಲಾದರೂ ಸುಧಾರಿಸಬಹುದೆಂದುಕೊಂಡೆ. ಒಂದು ದಿನ ಮೋಡ ಕವಿದು ಮಧ್ಯಾಹ್ನಕ್ಕೇ ಮುದುಡಿತು. ಮಳೆಯಲ್ಲೇ ಸೆರಗು ಹೊದ್ದು ಕೊಡ ಎತ್ತಿಕೊಂಡು ಹೋದೆ. ನಗಬೇಡಿ. ಮೋಡ ಸರಿದ ಮೇಲೆ ಅದು ತೆರೆಯಿತು.

ನನಗೆ ಅರವತ್ತಾರು ವರ್ಷ. ಕೈಯಲ್ಲಿ ಹಾಕಿದ ನೀರಿಗೆ ಹೀಗೆ ಜೀವ ಮರಳಿ ಬರುವುದನ್ನು ಹಿಂದೆ ನೋಡಿಲ್ಲ. ಬೆಳಿಗ್ಗೆ ಕೈಯಲ್ಲಿನ ಕಾಫಿ ಆರುವವರೆಗೂ ಅದರ ಮುಂದೆ ನಿಂತಿರುತ್ತೇನೆ. ನೀವು ಗಿಡದವರು, ನಿಮಗೆ ಇದು ದಿನನಿತ್ಯದ್ದಿರಬಹುದು.

ನಿಮ್ಮ ಮಗಳ ಅತ್ತೆ


ನವೆಂಬರ್ ೯

ಬೀಗಿತ್ತಿಯವರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಒಂದು ಸಲ ಸಸಿಗಳ ನಡುವೆ, ಒಂದು ಸಲ ಒಲೆಯ ಮುಂದೆ, ಒಂದು ಸಲ ಸುಮ್ಮನೆ.

ನೀರು ಸ್ವಲ್ಪ ಕಡಿಮೆ ಮಾಡಿ. ದಿನಕ್ಕೆ ಒಂದು ಕೊಡ ಧಾರಾಳವಾಯಿತು.

ಇನ್ನೂ ಏನೋ ಬರೆಯಬೇಕೆಂದು ಕೂತಿದ್ದೆ. ಬರೆಯಲಿಲ್ಲ.

ಗಿಡಗಳ ಮಧ್ಯದಿಂದ, ಬೀಗಿತ್ತಿ


ಮಾರ್ಚ್ ೧೧

ಬೀಗಿತ್ತಿಯವರಿಗೆ,

ಒಂದು ಕೊಡ ಸಾಕೆಂದಿರಿ. ಒಂದು ಸಂಜೆ ಹಾಗೇ ಮಾಡಿದೆ. ಊಟಕ್ಕೆ ಕೂತವಳು ತಟ್ಟೆ ಸರಿಸಿದೆ. ಎದ್ದು ಹೋಗಿ ಇನ್ನೊಂದು ಹಾಕಿ ಬಂದೆ. ಈಗ ಬಿಸಿಲಿಗೆ ಮೂರು ಹಾಕುತ್ತಿದ್ದೇನೆ. ನಿಮ್ಮ ಮಗಳು ಬಾಗಿಲ ಹತ್ತಿರ ಕೊಡಗಳನ್ನು ತುಂಬಿಸಿ ಇಟ್ಟಿರುತ್ತಾಳೆ. ನಾನು ಹೇಳಿದ್ದಲ್ಲ.

ಹೊಂಗೆ ನನ್ನನ್ನು ಹೆದರಿಸಿಬಿಟ್ಟಿತು. ಫೆಬ್ರವರಿ ಕೊನೆಯಲ್ಲಿ ಒಂದೇ ವಾರದಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರಿ, ಒಂದು ಕಡ್ಡಿ ಮಾತ್ರ ಉಳಿಯಿತು. ಒಳ್ಳೆಯ ಮನೆತನ ಅಂದಿದ್ದೆನಲ್ಲ, ಆ ಮಾತು ವಾಪಸ್ ತೆಗೆದುಕೊಳ್ಳುವುದರಲ್ಲಿದ್ದೆ. ನಿಮ್ಮ ಮಗಳು ಏನೂ ಮಾಡಬೇಡಿ ಅತ್ತೆ, ಸುಮ್ಮನಿರಿ ಎಂದಳು. ಸುಮ್ಮನಿದ್ದೆ. ಎಂಟನೇ ದಿನ ಕಡ್ಡಿಯ ತುದಿಗೆಲ್ಲ ತಾಮ್ರದ ಬಣ್ಣದ ಚಿಗುರು. ಮರುದಿನ ತಿಳಿಹಸಿರು, ಎಣ್ಣೆ ಹಚ್ಚಿ ಒರೆಸಿದ ಹಾಗೆ. ಬಿಸಿಲು ಎಲೆಯೊಳಗಿನಿಂದಲೇ ಬರುತ್ತಿದೆಯೋ ಏನೋ ಎನ್ನುವಂತೆ ಇತ್ತು. ಗಡಿಯಾರ ರಾಟೆ ನಿಲ್ಲಿಸಿ ನೋಡಿದಳು. ಮೂವತ್ತು ವರ್ಷದಲ್ಲಿ ಅವಳು ರಾಟೆ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದು ಎರಡನೇ ಸಲ, ಬಿದ್ದದ್ದನ್ನೂ ಸೇರಿಸಿ.

ಆದರೂ ಒಂದು ಮಾತು ಒಪ್ಪುತ್ತೇನೆ. ಮಳೆಮರದ ಮುಂದೆ ಹೊಂಗೆ ಇನ್ನೂ ಕೂಸು. ಮಳೆಮರ ಬಂದಾಗ ನನ್ನ ಭುಜಕ್ಕಿತ್ತು, ಈಗ ನನ್ನ ಎರಡರಷ್ಟು. ಕೆಳಗೆ ಒಂದು ಚಾಪೆಯಷ್ಟು ನೆರಳು ಬೀಳುತ್ತದೆ. ಹೆಂಗಸರು ತೊಂಬತ್ತನೇ ಹೆಜ್ಜೆಗೆ ಬಂದಾಗ ಎಳೆ ಬಿಗಿಯುವ ನೆಪದಲ್ಲಿ ಅಲ್ಲಿ ನಿಲ್ಲುತ್ತಾರೆ. ಎಳೆ ಬಿಗಿಯಲು ಇಷ್ಟು ಹೊತ್ತು ಬೇಕೇ ಎಂದು ಬೈದರೆ, ನೀವೇ ನೀರು ಹಾಕಿ ಬೆಳೆಸಿದ ನೆರಳು ಯಜಮಾನಿ, ಸೋಮಾರಿಗಳನ್ನೂ ನೀವೇ ಬೆಳೆಸಿದಿರಿ ಅನ್ನುತ್ತಾರೆ. ನಿಮ್ಮ ಮಗಳೂ ನಿಲ್ಲುತ್ತಾಳೆ. ಆ ಒಂದು ಉಸಿರಿನಷ್ಟು ಹೊತ್ತು ಅವಳ ಮುಖದ ಬಿಗಿ ಸಡಿಲವಾಗುತ್ತದೆ. ಕಿಟಕಿಯಿಂದ ಅದು ಕಾಣುವುದಿಲ್ಲ. ಅದಕ್ಕೇ ಈಗೀಗ ನಾನು ಮೊರ ಹಿಡಿದುಕೊಂಡು ಆ ತುದಿಯಲ್ಲೇ ಕೂತು ನಾರು ಬಿಡಿಸುತ್ತೇನೆ.

ನೀವು ಬರುವ ದಿನ ಗೊತ್ತಾದರೆ ತಿಳಿಸಿ. ಕೋಣೆಗೆ ಸುಣ್ಣ ಹೊಡೆಸಬೇಕು.

ನಿಮ್ಮ ಮಗಳ ಅತ್ತೆ


ಮೇ ೨೦

ಬೀಗಿತ್ತಿಯವರಿಗೆ,

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ. ನಿಮ್ಮ ಮರ ಬಗ್ಗಿದೆ.

ಮೊನ್ನೆ ಸಂಜೆ ಮಳೆಗೆ ಮುಂಚೆ ಗಾಳಿ ಎದ್ದಿತು. ದೊಡ್ಡ ಗಾಳಿಯೇನೂ ಅಲ್ಲ, ಕಾಂಪೌಂಡಿನಾಚೆಯ ಒಂದು ಹಂಚೂ ಹಾರಲಿಲ್ಲ. ಮಳೆಮರ ಮಾತ್ರ ಅಂಗಳದ ಕಡೆಗೆ ವಾಲಿತು. ಒಂದು ಪಕ್ಕದಲ್ಲಿ ಮಣ್ಣು ಮೇಲೆದ್ದಿದೆ. ಬೇರು ನೋಡಿದೆ. ಒಂದೂ ಕೆಳಗೆ ಇಳಿದಿಲ್ಲ. ತಟ್ಟೆಯಲ್ಲಿ ಬೆರಳು ಹರಡಿದ ಹಾಗೆ ಎಲ್ಲ ಮೇಲೆಯೇ ಇವೆ. ನಾನೂ ನಿಮ್ಮ ಮಗಳೂ ಗಾಳಿಯಲ್ಲೇ ಮೂರು ಕಡೆ ಗೂಟ ಹೊಡೆದು ನಮ್ಮದೇ ದಪ್ಪ ಹಗ್ಗದಿಂದ ಬಿಗಿದೆವು. ನಾನು ಕಾಂಡ ಅಪ್ಪಿ ಹಿಡಿದಿದ್ದೆ, ಅವಳು ಗಂಟು ಹಾಕಿದಳು.

ನಾನು ಇಷ್ಟು ಮಾಡಿಯೂ ಹೀಗೇಕಾಯಿತು? ಏನು ಕಡಿಮೆಯಾಯಿತು? ಅದರ ಕೆಳಗೆ ದಿನವೂ ಆರು ಜನ ಹೆಂಗಸರು ನಡೆಯುತ್ತಾರೆ. ಕಡಿಯಬೇಕಾದರೆ ಕಡಿಸುತ್ತೇನೆ. ಆದರೆ ನೀವು ಹೇಳಬೇಕು.

ಅತ್ತೆ


ಮೇ ೨೭

ಬೀಗಿತ್ತಿಯವರೇ,

ಕಡಿಯಬೇಡಿ.

ಹೋದ ನವೆಂಬರಿನಲ್ಲೇ ಹೇಳಬೇಕಾದ ಮಾತನ್ನು ಈಗ ಹೇಳುತ್ತೇನೆ. ಕೂತು ಓದಿ. ಮಳೆಮರ ಸಂಜೆಯಾದರೆ ಎಲೆ ಮಡಚಿ ಮಲಗುತ್ತದೆ. ಮೋಡ ಕವಿದರೂ ಮಲಗುತ್ತದೆ. ಅದು ರೋಗವಲ್ಲ, ಬಾಯಾರಿಕೆಯಲ್ಲ, ಅದರ ಹುಟ್ಟುಗುಣ. ನೀವು ನೀರು ಹಾಕಿದರೂ ಮಡಚುತ್ತದೆ, ಹಾಕದಿದ್ದರೂ ಬೆಳಿಗ್ಗೆ ತೆರೆಯುತ್ತದೆ.

ದಿನವೂ ಬುಡದಲ್ಲೇ ನೀರು ಸಿಕ್ಕಿದರೆ ಬೇರು ಕೆಳಗೇಕೆ ಹೋದೀತು? ಬಾಗಿಲಿಗೇ ಊಟ ಬರುವ ಮನೆಯ ಮಕ್ಕಳ ಹಾಗೆ ಮೇಲೆಯೇ ಹರಡಿಕೊಂಡಿದೆ. ಇನ್ನು ದಿನವೂ ನೀರು ಬೇಡ. ಕೊಂಬೆಗಳ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿ ನೆಲದ ಮೇಲೆ ಸುತ್ತ ಪಾತಿ ತೋಡಿಸಿ. ಮಳೆ ಬಾರದಿದ್ದರೆ ಹತ್ತು ದಿನಕ್ಕೊಮ್ಮೆ, ಮಣ್ಣು ಆಳಕ್ಕೆ ನೆನೆಯುವಷ್ಟು ಹಾಕಿ. ಬೇರು ಹುಡುಕಿಕೊಂಡು ಇಳಿಯುತ್ತದೆ. ತಲೆಯ ಭಾರ ನಾನು ಬಂದು ಕತ್ತರಿಸಿ ಕಡಿಮೆ ಮಾಡುತ್ತೇನೆ. ಹಗ್ಗ ಎರಡು ಮಳೆಗಾಲ ಇರಲಿ, ಕಾಂಡಕ್ಕೆ ಉಜ್ಜದಂತೆ ಗೋಣಿ ಸುತ್ತಿ.

ನೀವು ಮಳೆಯಲ್ಲಿ ಕೊಡ ಎತ್ತಿಕೊಂಡು ಹೋದದ್ದು ಓದಿ ಮೊದಲು ನಕ್ಕೆ. ನಕ್ಕು ಮುಗಿದ ಮೇಲೆ ಪೆನ್ನು ಹಿಡಿದರೆ ಕೈ ಓಡಲಿಲ್ಲ. ಮರ ವಾಲಿದ್ದರಲ್ಲಿ ಅರ್ಧ ಪಾಲು ನನ್ನದು.

ಜೂನ್ ಹತ್ತಕ್ಕೆ ಬರುತ್ತೇನೆ. ಮರಕ್ಕೂ, ಮಗಳಿಗೂ.

ಬೀಗಿತ್ತಿ


ಜೂನ್ ೪

ಬೀಗಿತ್ತಿಯವರಿಗೆ,

ನಿಮ್ಮ ಪತ್ರ ಬಂದ ಮೇಲೆ ಮೂರು ದಿನ ಅಂಗಳಕ್ಕೆ ಇಳಿಯಲಿಲ್ಲ. ಹೈಸ್ಕೂಲು ಓದಿದವಳು ನಿದ್ದೆ ಮಾಡುವ ಮರಕ್ಕೆ ಒಂದು ವರ್ಷ ಔಷಧ ಮಾಡಿದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾಲ್ಕನೇ ಸಂಜೆ ಕುರ್ಚಿ ಹಾಕಿಸಿಕೊಂಡು ಮರದ ಕೆಳಗೆ ಕೂತೆ. ಕೊಡ ತರಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡೆ.

ಇಷ್ಟು ದಿನ ನಾನು ಅದನ್ನು ನೋಡಿಯೇ ಇರಲಿಲ್ಲ. ಬಗ್ಗಿಕೊಂಡು ನೀರು ಹಾಕುತ್ತಿದ್ದೆ, ಅಷ್ಟೆ. ಬೆಳಕು ಇಳಿಯುತ್ತಿದ್ದಂತೆ ಮೊದಲು ಮೂಡಣದ ಕೊಂಬೆ, ಆಮೇಲೆ ನಡುವಿನದು. ಎದುರುಬದುರು ಎಲೆಗಳು ಒಂದರ ಮೈಗೆ ಒಂದು ಒರಗಿದವು. ಗಾಳಿಯಿಲ್ಲ, ಸದ್ದಿಲ್ಲ, ಯಾರೂ ಹೇಳಿದ್ದಲ್ಲ. ನೋಡುತ್ತಿದ್ದಂತೆಯೇ ಮರ ತೆಳುವಾಗಿ ತೆಳುವಾಗಿ, ಮುಚ್ಚಿದ್ದ ಆಕಾಶವನ್ನು ಬಿಟ್ಟುಕೊಟ್ಟಿತು. ಬೆಳಿಗ್ಗೆ ಸೂರ್ಯನಿಗೆ ಮುಂಚೆ ಹೋಗಿ ಕೂತೆ. ಬೆಳಕು ತಾಕಿದ ಕಡೆಯಿಂದ ಒಂದೊಂದಾಗಿ ತೆರೆಯಿತು. ನನ್ನ ಹಂಗಿಲ್ಲದೆ. ಅದು ನನ್ನಿಂದ ಬದುಕುತ್ತಿದೆ ಎಂದುಕೊಂಡಾಗ ಆಗಿದ್ದ ಆಶ್ಚರ್ಯ ಇದರ ಮುಂದೆ ಏನೇನೂ ಅಲ್ಲ. ಮಗನ ಆ ಎಂಟು ದಿನದ ಜ್ವರದಲ್ಲಿ ನಾನು ಅವನ ಬಾಯಿಗೆ ಹಾಕಿದ ನೀರು ಯಾವುದಕ್ಕೂ ಬರಲಿಲ್ಲ. ಇದಕ್ಕಾದರೂ ಬಂತಲ್ಲ ಎಂದುಕೊಂಡಿದ್ದೆ. ಇದಕ್ಕೆ ಬೇಕೇ ಇರಲಿಲ್ಲ. ಯಾಕೋ ಅದರಿಂದ ಎದೆ ಹಗುರಾಯಿತು. ಹೇಗೆಂದು ಕೇಳಬೇಡಿ.

ಆಮೇಲೆ ನಿಮ್ಮ ಮಗಳನ್ನು ಕರೆದೆ. ನರ್ಸರಿಯಲ್ಲಿ ಹುಟ್ಟಿ ಬೆಳೆದವಳು.

"ಈ ಮರ ಮಲಗುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ಮತ್ತೆ ದಿನಾ ಕೊಡ ತುಂಬಿಸಿ ಇಡ್ತಿದ್ದೆಯಲ್ಲ. ನನ್ನ ನೋಡಿ ನಗ್ತಿದ್ದೆಯಾ?"

ಅವಳು ಕಾಂಡಕ್ಕೆ ಬಿಗಿದ ಹಗ್ಗದ ಗಂಟನ್ನು ಎಳೆದು ನೋಡಿದಳು. ಆಮೇಲೆ ಹೇಳಿದಳು. "ಅವರು ಹೋದ ಮೇಲೆ ನೀವು ಆ ಕೋಣೆ ಬಿಟ್ಟು ಹೊರಗೆ ಬಂದಿದ್ದು ಅದೊಂದಕ್ಕೇ. ಹೇಳಿಬಿಟ್ಟರೆ ಮತ್ತೆ ಒಳಗೆ ಹೋಗ್ತೀರಿ ಅಂತ ಹೆದರಿಕೆ ಆಯ್ತು. ಮರ ವಾಲುತ್ತೆ ಅಂತ ನಾನೂ ಯೋಚಿಸಲಿಲ್ಲ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇದು ಯಾರ ಕಾಲವೋ ನನಗೆ ತಿಳಿಯಲಿಲ್ಲ.

ಬನ್ನಿ. ಅವಳಿಗೆ ನನ್ನ ಕಾವಲು ಕಾಯುವ ಕೆಲಸ ಇನ್ನು ಬೇಡ. ಅವಳು ಬರುವೆನೆಂದರೆ ಕರೆದುಕೊಂಡು ಹೋಗಿ. ಈ ಸಲ ಇದು ಕೋಪದ ಮಾತಲ್ಲ.

ನಿಮ್ಮ ಮಗಳ ಅತ್ತೆ


ಜುಲೈ ೬

ಬೀಗಿತ್ತಿಯವರೇ,

ನಾವು ಸುಖವಾಗಿ ತಲುಪಿದೆವು. ಬಂದ ಮೊದಲ ಹತ್ತು ದಿನ ಅವಳು ನಿದ್ದೆ ಮಾಡಿದ್ದೇ ಮಾಡಿದ್ದು. ಈಗ ಬೆಳಿಗ್ಗೆ ಎದ್ದು ನನ್ನ ಜೊತೆ ಕಸಿ ಕಟ್ಟುತ್ತಾಳೆ. ಅವಳು ಹಾಕುವ ಗಂಟು ನೋಡಿ ನಮ್ಮ ಕೆಲಸದವರು ಇದು ಗಿಡಕ್ಕೋ ಎತ್ತಿಗೋ ಎಂದು ಕೇಳುತ್ತಾರೆ. ಒಂದು ಕಸಿಯೂ ಬಿಚ್ಚಿಕೊಂಡಿಲ್ಲ.

ಮತ್ತೆ ಅಲ್ಲಿಗೆ ಬರುತ್ತಾಳೋ, ಇಲ್ಲೇ ಇರುತ್ತಾಳೋ ಹೇಳುತ್ತಿಲ್ಲ. ನಾನೂ ಕೇಳುತ್ತಿಲ್ಲ. ಕೇಳಿ ಕೇಳಿ ನಾನು ಅವಳನ್ನು ಒಂದು ಬಾರಿ ಬಿಗಿದೆ, ನೀವು ಕೇಳದೆಯೇ ಒಂದು ಬಾರಿ ಬಿಗಿದಿರಿ. ಹೊರಡುವಾಗ ಗೇಟಿನ ಹತ್ತಿರ ನೀವು ಅವಳಿಗೆ ಏನು ಹೇಳಿದಿರಿ? ಬಸ್ಸಿನಲ್ಲಿ ಒಮ್ಮೆ ತನ್ನಷ್ಟಕ್ಕೆ ನಕ್ಕಳು.

ಅವಳ ಅಮ್ಮ


ಸೆಪ್ಟೆಂಬರ್ ೧೮

ಬೀಗಿತ್ತಿಯವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರಿಸದೆ ಎರಡು ತಿಂಗಳು ಕಳೆದೆ. ಗೇಟಿನ ಹತ್ತಿರ ನಾನು ಹೇಳಿದ್ದು ಒಂದೇ ಮಾತು. ಮತ್ತೆ ಬರ್ತೀಯಾ ಎಂದು ಕೇಳಿದೆ. ನಲವತ್ತೈದು ವರ್ಷ ಈ ಮನೆ ನಡೆಸಿದ್ದೇನೆ. ಹೇಳಿದ್ದೇನೆಯೇ ಹೊರತು ಯಾರನ್ನೂ ಏನನ್ನೂ ಕೇಳಿದವಳಲ್ಲ. ಅವಳು ಚೀಲ ಕೆಳಗಿಟ್ಟು, "ಕೇಳಿದ್ರಲ್ಲ, ಅತ್ತೆ" ಎಂದಳು. ಅಷ್ಟೆ. ಅದು ಹೌದೋ ಅಲ್ಲವೋ ಎಂದು ಮೂರು ತಿಂಗಳು ತಿರುವಿ ತಿರುವಿ ನೋಡಿದೆ.

ಅವಳಿಲ್ಲದೆ ಒಂದು ಕೈ ಕಡಿಮೆಯಾಯಿತು. ಹಾಗಾಗಿ ನಾರಿನ ಕಟ್ಟು ನಾನೇ ಸೊಂಟಕ್ಕೆ ಕಟ್ಟಿಕೊಂಡೆ. ಮೊದಲ ವಾರ ನನ್ನ ಎಳೆ ನೋಡಿ ಗಡಿಯಾರ, ಇದರಲ್ಲಿ ಕರುವನ್ನೂ ಕಟ್ಟೋಕಾಗಲ್ಲ ಎಂದಳು. ಈಗ ಸುಮ್ಮನಿದ್ದಾಳೆ. ಹಿಂದಕ್ಕೆ ನಡೆಯುವಾಗ ಎಲ್ಲಿಗೆ ಹೋಗುತ್ತಿದ್ದೇವೆಂದು ಕಾಣುವುದಿಲ್ಲ. ಬೆನ್ನಿಗೆ ತಂಪು ತಾಕಿದಾಗ ಮರದ ಹತ್ತಿರ ಬಂದೆವೆಂದು ತಿಳಿಯುತ್ತದೆ.

ಇವತ್ತು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಅರವತ್ತು ಹೆಜ್ಜೆ ದಾಟಿದ್ದೆ. ಅಷ್ಟು ದೂರದಿಂದ ರಾಟೆಯ ಹತ್ತಿರ ಯಾರಿದ್ದಾರೆಂದು ನನ್ನ ಕಣ್ಣಿಗೆ ಕಾಣುವುದಿಲ್ಲ, ಬರೀ ಹೊಂಗೆಯ ಹಸಿರು. ಗಡಿಯಾರ ರಾಟೆ ತಿರುಗಿಸುವಾಗ ಎಳೆಗೆ ಬೀಳುವ ಹುರಿ ಒಂದೇ ಸಮ, ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕುವ ಹಾಗೆ. ಅದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾದಾಗ ಬೇರೆಯಾಗಿತ್ತು. ಸ್ವಲ್ಪ ಬಿಗಿ, ಪ್ರತಿ ಸುತ್ತಿನ ಕೊನೆಗೆ ಒಂದು ಚಿಕ್ಕ ತಡೆ. ಹನ್ನೊಂದು ವರ್ಷ ಒಂದೇ ಅಂಗಳದಲ್ಲಿ ದುಡಿದವರ ಕೈಯನ್ನು ಬೆರಳು ಮರೆಯುವುದಿಲ್ಲ. ಎಳೆಯ ಉದ್ದಕ್ಕೂ ಅದು ಬಂದು ನನ್ನ ಬೆರಳಲ್ಲಿ ತಿರುಗಿತು.

ನಾನು ಕೂಗಲಿಲ್ಲ. ನಡುವೆ ನಿಂತರೆ ಎಳೆ ಹಾಳಾಗುತ್ತದೆ, ಅದು ಅವಳಿಗೂ ಗೊತ್ತು. ನಾರು ಬಿಡುತ್ತಾ ಹಿಂದಕ್ಕೆ ನಡೆದೆ. ಎಪ್ಪತ್ತು. ಎಂಬತ್ತು. ಬೆನ್ನಿಗೆ ನೆರಳು ತಾಕಿತು. ಅವಳು ತಿರುಗಿಸುತ್ತಲೇ ಇದ್ದಳು.

ನಿಮ್ಮ ಮಗಳು ತಲುಪಿದ್ದಾಳೆ ಎಂದು ತಿಳಿಸಲು ಈ ಪತ್ರ.

ನಿಮ್ಮ ಬೀಗಿತ್ತಿ, ಹಗ್ಗದವಳು